ರಾತ್ರಿ ಪಾತ್ರೆ ಅಲ್ಲಾಡಿತು, ಆ್ಯಪ್‌ನಲ್ಲಿ ಏನೂ ಇಲ್ಲ. ಇದು ಭೂಕಂಪವೇ?

ಪಾಂಡವಪುರ ಕಡೆಯವಳು:

ಎಲ್ಲರಿಗೂ ನಮಸ್ಕಾರ. ಗೊತ್ತಿರುವವರು ದಯವಿಟ್ಟು ಹೇಳಿ. ನಿನ್ನೆ ರಾತ್ರಿ ಹನ್ನೊಂದೂ ಮುಕ್ಕಾಲರ ಹೊತ್ತಿಗೆ ನಮ್ಮ ಮನೆ ಅದುರಿತು. ನಾನು ಅಡುಗೆ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಾ ನಿಂತಿದ್ದೆ. ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಝಣಝಣ ಅಂದವು, ಕಿಟಕಿ ಗಾಜು ಒಂದು ಸಲ ಗಡಗಡ ಅಂತು, ಅಷ್ಟೇ, ಎರಡು ಮೂರು ಸೆಕೆಂಡಿನಲ್ಲಿ ಎಲ್ಲ ನಿಂತುಹೋಯಿತು. ನನ್ನ ಕಾಲಿಗೆ ಏನೂ ಗೊತ್ತಾಗಲಿಲ್ಲ. ನಡುಮನೆಯಲ್ಲಿ ಚಾಪೆ ಮೇಲೆ ಮಲಗಿದ್ದ ಅತ್ತೆ ಮಾತ್ರ ಎದ್ದು ಕೂತು, "ನೆಲದೊಳಗೆ ಏನೋ ಉಳ್ಳಾಡ್ದಂಗಾಯ್ತು ಕಣವ್ವ" ಅಂದರು. ಮಂಚದ ಮೇಲಿದ್ದ ನಮ್ಮ ಯಜಮಾನರಿಗೆ ಎಚ್ಚರವೇ ಆಗಲಿಲ್ಲ. ಮಹಡಿ ಮೇಲೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತಿದ್ದ ಮಗನಿಗೂ ಗೊತ್ತಾಗಲಿಲ್ಲವಂತೆ.

ಬೆಳಗ್ಗೆ ಬೀದಿಯಲ್ಲಿ ಕೇಳಿದರೆ ಒಬ್ಬರು ಗುಡುಗು ಅಂದರು, ಇನ್ನೊಬ್ಬರು ಕ್ವಾರಿ ಬ್ಲಾಸ್ಟಿಂಗ್ ಅಂದರು, ಎದುರು ಮನೆಯವರು ಏನೂ ಆಗಲೇ ಇಲ್ಲ ಅಂದರು. ವಾಟ್ಸಾಪ್ ಗುಂಪಿನಲ್ಲಿ ಯಾರೋ "4.2 ತೀವ್ರತೆ" ಅಂತ ಹಾಕಿಬಿಟ್ಟಿದ್ದಾರೆ. ಸರ್ಕಾರದ ಭೂಕಂಪ್ ಆ್ಯಪ್ ತೆಗೆದು ನೋಡಿದೆ, ನಮ್ಮ ಕಡೆ ಏನೂ ತೋರಿಸುತ್ತಿಲ್ಲ. ಮನುಷ್ಯರಿಗೆ ಗೊತ್ತಾದದ್ದು ಯಂತ್ರಕ್ಕೆ ಗೊತ್ತಾಗದೆ ಇರುತ್ತದಾ? ಒಂದೇ ಮನೆಯಲ್ಲಿ ಒಬ್ಬರಿಗೆ ಗೊತ್ತಾಗಿ ಒಬ್ಬರಿಗೆ ಗೊತ್ತಾಗದೆ ಇರುವುದು ಹೇಗೆ? ಅತ್ತೆ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಗಂಗೋತ್ರಿ ಮೇಷ್ಟ್ರು:

ತುಂಬಾ ಚೆನ್ನಾಗಿ ಗಮನಿಸಿದ್ದೀರಿ ತಾಯಿ. ಯಾರು ಎಲ್ಲಿದ್ದರು, ಯಾರಿಗೆ ಗೊತ್ತಾಯಿತು, ಯಾರಿಗೆ ಆಗಲಿಲ್ಲ, ಏನು ಸದ್ದು ಮಾಡಿತು. ಸಣ್ಣ ಕಂಪನದ ವಿಷಯದಲ್ಲಿ ಕೇಳಬೇಕಾದದ್ದೇ ಇವು. ಹೆಚ್ಚಿನವರು "ಭಾರೀ ಸದ್ದು ಬಂತು, ಹೆದರಿಕೊಂಡೆವು" ಅಂತಷ್ಟೇ ಹೇಳುತ್ತಾರೆ.

ಮೊದಲು ಆ 4.2 ಅನ್ನುವುದನ್ನು ತಲೆಯಿಂದ ತೆಗೆದುಹಾಕಿ. ಅಷ್ಟು ದೊಡ್ಡದು ನಿಮ್ಮ ಹತ್ತಿರ ಆಗಿದ್ದರೆ ನಿಮ್ಮ ಯಜಮಾನರು ಮಲಗಿರುತ್ತಿರಲಿಲ್ಲ. ಮಂಡ್ಯ, ಮೈಸೂರು, ಚನ್ನಪಟ್ಟಣದವರೆಗೂ ಜನ ಬೀದಿಗೆ ಬಂದಿರುತ್ತಿದ್ದರು, ಅರ್ಧ ಗಂಟೆಯೊಳಗೆ ಟೀವಿಯಲ್ಲೆಲ್ಲ ಅದೇ ಸುದ್ದಿ ಇರುತ್ತಿತ್ತು. 2022ರ ಜೂನ್ 23ರ ಬೆಳಗಿನ ಜಾವ ಹೊಳೆನರಸೀಪುರ ತಾಲ್ಲೂಕಿನಲ್ಲಿ ಆದದ್ದು 3.4. ಅದೇ ಕೊಡಗಿನವರಿಗೂ, ನಮ್ಮ ಮೈಸೂರು ಜಿಲ್ಲೆಯ ಕೆಲವು ಊರುಗಳಿಗೂ ಗೊತ್ತಾಗಿತ್ತು. 4.2 ಅಂದರೆ ಅದಕ್ಕಿಂತ ಸುಮಾರು ಹದಿನೈದು ಪಟ್ಟು ಹೆಚ್ಚು ಶಕ್ತಿ.

ಇಲ್ಲಿ ಎರಡು ಲೆಕ್ಕ ಇವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು, ನೆಲದೊಳಗೆ ಬಂಡೆ ಜಾರಿದ ಜಾಗದಲ್ಲಿ ಎಷ್ಟು ದೊಡ್ಡ ಘಟನೆ ಆಯಿತು ಅನ್ನುವುದು. ಅದು ಒಂದೇ ಸಂಖ್ಯೆ, ಮಂಡ್ಯದಲ್ಲಿ ಕೂತು ನೋಡಿದರೂ ಅದೇ, ದೆಹಲಿಯಲ್ಲಿ ಕೂತು ನೋಡಿದರೂ ಅದೇ. ಇನ್ನೊಂದು, ನಿಮ್ಮ ಮನೆಯಲ್ಲಿ ನೆಲ ಎಷ್ಟು ಅಲ್ಲಾಡಿತು ಅನ್ನುವುದು. ಇದು ಊರಿಂದ ಊರಿಗೆ, ಬೀದಿಯಿಂದ ಬೀದಿಗೆ, ಕೆಲವು ಸಲ ಕೋಣೆಯಿಂದ ಕೋಣೆಗೆ ಬೇರೆ. ಎಷ್ಟು ದೂರ, ಎಷ್ಟು ಆಳ, ಮನೆ ಕೆಳಗೆ ಬಂಡೆಯೋ ಗದ್ದೆ ಮಣ್ಣೋ, ನೀವು ನಿಂತಿದ್ದಿರೋ ಮಲಗಿದ್ದಿರೋ, ಎಲ್ಲ ಇದರಲ್ಲಿ ಸೇರುತ್ತದೆ.

ಮೊದಲನೆಯದನ್ನು ಲೆಕ್ಕ ಹಾಕುವ ದಾರಿಯನ್ನು ಚಾರ್ಲ್ಸ್ ರಿಕ್ಟರ್ 1935ರಲ್ಲಿ ಕೊಟ್ಟರು. ಆಗ ಕ್ಯಾಲಿಫೋರ್ನಿಯಾದಲ್ಲಿ ಬಳಸುತ್ತಿದ್ದ ಒಂದು ಬಗೆಯ ಯಂತ್ರ ನೂರು ಕಿಲೋಮೀಟರ್ ದೂರದಲ್ಲಿದ್ದಾಗ ಅದರ ಕಾಗದದ ಮೇಲಿನ ಗೆರೆ ಒಂದು ಮಿಲಿಮೀಟರ್ ಸರಿದರೆ ಅದು 3. ಹತ್ತು ಮಿಲಿಮೀಟರ್ ಸರಿದರೆ 4. ಒಂದು ಅಂಕಿ ಮೇಲೆ ಹೋದರೆ ಅಲುಗಾಟ ಹತ್ತು ಪಟ್ಟು, ಶಕ್ತಿ ಸುಮಾರು 32 ಪಟ್ಟು. ಕೆಳಗೂ ಹಾಗೇ ಇಳಿಯುತ್ತದೆ. 0 ಅಂದರೆ ಏನೂ ಇಲ್ಲ ಅಂತಲ್ಲ, ಆ ಗೆರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಸರಿದದ್ದು ಅಂತ. ಅದಕ್ಕಿಂತ ಸಣ್ಣವಕ್ಕೆ ಮೈನಸ್ ಸಂಖ್ಯೆ ಕೊಡುತ್ತಾರೆ. ಈಗ ಲೆಕ್ಕ ಹಾಕುವ ರೀತಿ ಬೇರೆ ಬೇರೆ ಇವೆ, ಆದರೆ ಅಳತೆಯ ಏಣಿ ಅದೇ.

ಎರಡನೆಯದಕ್ಕೆ ಯಂತ್ರವೇ ಬೇಕಿಲ್ಲ. ಮರ್ಕಾಲಿ ಅನ್ನುವ ಇಟಲಿಯವರ ಹೆಸರಿನಲ್ಲಿ 1ರಿಂದ 12ರವರೆಗೆ ಹಂತಗಳಿವೆ. 1ರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಅಂತಲೇ ಹೇಳಬಹುದು. 2ರಲ್ಲಿ ಸುಮ್ಮನೆ ಮಲಗಿರುವ ಒಬ್ಬಿಬ್ಬರಿಗೆ ಗೊತ್ತಾಗುತ್ತದೆ. 3ರಲ್ಲಿ ಮನೆಯೊಳಗಿರುವ ಹಲವರಿಗೆ ಗೊತ್ತಾಗುತ್ತದೆ, ಆದರೆ ಲಾರಿ ಹೋಯಿತೇನೋ ಅಂದುಕೊಳ್ಳುತ್ತಾರೆ. 4ರಲ್ಲಿ ಪಾತ್ರೆ, ಕಿಟಕಿ, ಬಾಗಿಲು ಸದ್ದು ಮಾಡುತ್ತವೆ, ಮಲಗಿದವರಲ್ಲಿ ಕೆಲವರಿಗೆ ಎಚ್ಚರವಾಗುತ್ತದೆ. ನೀವು ಹೇಳಿದ್ದನ್ನು ನೋಡಿದರೆ 3, ಪಾತ್ರೆಯ ಲೆಕ್ಕಕ್ಕೆ 4ರ ಅಂಚು. ಗಾರೆ ಉದುರುವುದು, ಗೋಡೆ ಬಿರುಕು ಬಿಡುವುದು ಎಲ್ಲ 6ರಿಂದ ಆಚೆಗೆ.

ಅತ್ತೆಯವರಿಗೆ ಗೊತ್ತಾಗಿ ನಿಮಗೆ ಗೊತ್ತಾಗದ್ದು ಸಹಜ. ಅವರ ಬೆನ್ನು, ತಲೆ ಎಲ್ಲ ನೆಲಕ್ಕೆ ತಾಗಿತ್ತು, ಸುಮ್ಮನೆ ಮಲಗಿದ್ದರು. ನಿಂತವರ ಮಂಡಿ, ಹಿಮ್ಮಡಿ ಸಣ್ಣ ಅದುರನ್ನು ನುಂಗಿಬಿಡುತ್ತವೆ. ಮಂಚಕ್ಕೂ ಹಾಸಿಗೆಗೂ ಅದೇ ಗುಣ. ಹೆದರಬೇಡಿ ಅಂತ ಅವರಿಗೆ ಹೇಳಿ, ಆದರೆ ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದಿಡಿ. ಮನೆಯಲ್ಲಿದ್ದವರಲ್ಲಿ ನೆಲಕ್ಕೆ ಹತ್ತಿರ ಇದ್ದವರು ಅವರೇ.

ಕುವೆಂಪುನಗರ:

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಯಾಕೆಂದರೆ ಇದರ ತದ್ವಿರುದ್ಧ ಅನುಭವ ನನಗಾಗಿದೆ. 2012ರ ಏಪ್ರಿಲ್ 11, ಮಧ್ಯಾಹ್ನ, ಸುಮಾತ್ರಾ ಹತ್ತಿರದ ಸಮುದ್ರದೊಳಗೆ 8.6ರ ಭೂಕಂಪ ಆಯಿತಲ್ಲ, ಆಗ ನಾನು ಬೆಂಗಳೂರಿನಲ್ಲಿ ಎತ್ತರದ ಕಟ್ಟಡವೊಂದರಲ್ಲಿ ಕೆಲಸಕ್ಕಿದ್ದೆ. ಸದ್ದೇ ಇಲ್ಲ. ಪಾತ್ರೆ ಗಲಗಲ ಅನ್ನುವಂಥದ್ದೂ ಇಲ್ಲ. ತಲೆ ಸುತ್ತಿದ ಹಾಗಾಯಿತು, ಬಿಪಿ ಹೆಚ್ಚುಕಮ್ಮಿ ಆಯಿತೇನೋ ಅಂದುಕೊಂಡು ಮೇಜು ಹಿಡಿದೆ. ನೋಡಿದರೆ ಬಾಟಲಿಯಲ್ಲಿದ್ದ ನೀರು ಆ ಕಡೆ ಈ ಕಡೆ ನಿಧಾನಕ್ಕೆ ವಾಲುತ್ತಿತ್ತು, ಕಿಟಕಿಯ ಬ್ಲೈಂಡ್ ಗೋಡೆ ಬಿಟ್ಟು ಮತ್ತೆ ಗೋಡೆಗೆ ಬರುತ್ತಿತ್ತು. ಬಹಳ ಹೊತ್ತು ಹಾಗೇ ನಡೆಯಿತು. ಎಲ್ಲರೂ ಮೆಟ್ಟಿಲಿಳಿದು ಓಡಿದೆವು. ಕೆಳಗೆ ಗೇಟಿನ ಹತ್ತಿರ ನಿಂತಿದ್ದ ಸೆಕ್ಯುರಿಟಿಯವರು ಏನಾಯಿತು ಸಾರ್ ಅಂತ ನಮ್ಮನ್ನೇ ಕೇಳಿದರು.

ಆಮೇಲೆ ಓದಿ ತಿಳಿದುಕೊಂಡೆ. ದೂರದ ದೊಡ್ಡ ಭೂಕಂಪದಿಂದ ಇಲ್ಲಿಯ ತನಕ ಬರುವುದು ನಿಧಾನದ ಅಲೆಗಳು ಮಾತ್ರ. ಬೇಗ ಬೇಗ ಅದುರುವ ಅಲೆಗಳೆಲ್ಲ ದಾರಿಯಲ್ಲೇ ಸತ್ತುಹೋಗುತ್ತವೆ. ಹಬ್ಬದ ದಿನ ಊರಿಂದ ದೂರ ಹೊಲದಲ್ಲಿ ನಿಂತರೆ ತಮಟೆಯ ಚುರುಕು ಸದ್ದು ಕೇಳುವುದಿಲ್ಲ, ನಗಾರಿಯ ಧಂ ಧಂ ಮಾತ್ರ ಕೇಳುತ್ತದಲ್ಲ, ಹಾಗೆ. ಎತ್ತರದ ಕಟ್ಟಡ ತಾನೂ ನಿಧಾನಕ್ಕೆ ತೂಗುವಂಥದ್ದು, ಮೋಟಾಗಿ ಲೆಕ್ಕ ಹಾಕಿದರೆ ಹತ್ತು ಮಹಡಿಯದಕ್ಕೆ ಒಂದು ಸಲ ಹೋಗಿ ಬರಲು ಒಂದು ಸೆಕೆಂಡ್ ಬೇಕು. ಎರಡೂ ತಾಳ ಕೂಡಿಬಿಟ್ಟರೆ ಮೇಲಿನವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಹಾಗಾಗಿ ನಿಮ್ಮ ಮನೆಯಲ್ಲಿ ಮಹಡಿ ಮೇಲಿದ್ದ ಹುಡುಗನಿಗೆ ಗೊತ್ತಾಗದೆ, ನೆಲದ ಮೇಲಿದ್ದ ಹಿರಿಯರಿಗೆ ಗೊತ್ತಾಯಿತು ಅಂದರೆ, ಇದು ದೂರದ್ದಲ್ಲ, ಹತ್ತಿರದ್ದೇ ಅಂತ ನನಗನ್ನಿಸುತ್ತದೆ.

ಜಿಯೋಫೋನ್:

ನಾನು ಕ್ವಾರಿಗಳಲ್ಲಿ ಬ್ಲಾಸ್ಟಿಂಗ್ ಆಗುವಾಗ ಸುತ್ತಲಿನ ಮನೆಗಳ ಹತ್ತಿರ ಕಂಪನ ಅಳೆಯುವ ಕೆಲಸ ಮಾಡುತ್ತೇನೆ. ಮಂಡ್ಯ ಜಿಲ್ಲೆಯಲ್ಲಿ ಎಲ್ಲಿ ಏನು ಅದುರಿದರೂ ಮೊದಲು ಕ್ವಾರಿ ಅಂತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಅದನ್ನು ಪತ್ತೆ ಮಾಡುವ ದಾರಿಗಳಿವೆ.

ಹೊತ್ತು ಮೊದಲು. ಬಯಲು ಕ್ವಾರಿಯಲ್ಲಿ ಹಗಲು ಹೊತ್ತಲ್ಲೇ ಸಿಡಿಸಬೇಕು ಅಂತ ನಿಯಮ ಇದೆ. ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಸಿಡಿಸಿದ್ದಾರೆ ಅಂದರೆ ಅದು ಅಕ್ರಮ, ಅಂಥದ್ದು ನಡೆಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ, ಆದರೆ ಮೊದಲ ಅನುಮಾನ ಅದಾಗಬಾರದು.

ಆಮೇಲೆ ಸದ್ದು. ಇದನ್ನು ಎಲ್ಲರೂ ಗಮನಿಸಬಹುದು. ಕಲ್ಲಿನೊಳಗೆ ಅಲೆ ಸೆಕೆಂಡಿಗೆ ಕೆಲವು ಕಿಲೋಮೀಟರ್ ಓಡುತ್ತದೆ. ಗಾಳಿಯಲ್ಲಿ ಸದ್ದು ಹೋಗುವುದು ಸೆಕೆಂಡಿಗೆ ಸುಮಾರು 340 ಮೀಟರ್. ಹಾಗಾಗಿ ಮೂರು ಮೂರೂವರೆ ಕಿಲೋಮೀಟರ್ ದೂರದ ಕ್ವಾರಿಯಲ್ಲಿ ಸಿಡಿಸಿದರೆ ನೆಲದ ಅದುರು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಬಂದುಬಿಡುತ್ತದೆ, ಢಮ್ ಅನ್ನುವುದು ಹತ್ತು ಸೆಕೆಂಡ್ ಆದಮೇಲೆ ಬರುತ್ತದೆ. ಕಿಟಕಿ ಗಾಜು ಗಡಗಡ ಅನ್ನುವುದು ಹೆಚ್ಚಾಗಿ ಈ ಎರಡನೇ ಸಲ, ಗಾಳಿಯ ಒತ್ತಡಕ್ಕೆ. ನೀವು ಹೇಳಿದ್ದರಲ್ಲಿ ತಟ್ಟೆ, ಗಾಜು, ಅತ್ತೆಯವರ ಮಾತು ಎಲ್ಲ ಒಟ್ಟಿಗೇ ಆಗಿದೆ. ಮಧ್ಯೆ ಬಿಡುವು ಇತ್ತಾ? ನೆನಪು ಮಾಡಿಕೊಂಡು ಹೇಳಿ.

ನೆಲ ಅಲ್ಲಾಡದೆ ಗಾಜು ಮಾತ್ರ ಅದುರುವುದೂ ಉಂಟು. 2020ರ ಮೇ 20ರಂದು ಬೆಂಗಳೂರಿನಲ್ಲಿ ಭಾರೀ ಸದ್ದು ಬಂದು ಊರೆಲ್ಲ ಗಾಬರಿಯಾಗಿತ್ತಲ್ಲ, ಆಗ ಭೂಕಂಪ ಮಾಪಕಗಳಲ್ಲಿ ಏನೂ ಇರಲಿಲ್ಲ. ಅದು ವಾಯುಪಡೆಯ ವಿಮಾನ ಸದ್ದಿನ ವೇಗ ದಾಟುವಾಗ ಆದದ್ದು ಅಂತ ಆಮೇಲೆ ಗೊತ್ತಾಯಿತು. ಅಂಥದ್ದರಲ್ಲಿ ಚಾಪೆ ಮೇಲೆ ಮಲಗಿದವರಿಗೆ ನೆಲದೊಳಗೆ ಏನೂ ಅನ್ನಿಸುವುದಿಲ್ಲ.

ನಮ್ಮ ಅಳತೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಅಂಗೈಯಗಲದ ಡಬ್ಬಿ, ಅದರ ಕೆಳಗೆ ಮೂರು ಮೊಳೆ. ಮನೆಯ ಗೋಡೆ ಬುಡದಲ್ಲಿ ಹುಲ್ಲು, ಸಡಿಲ ಮಣ್ಣು ಕೆರೆದು ಗಟ್ಟಿ ನೆಲ ಸಿಕ್ಕಿದ ಮೇಲೆ ಆ ಮೊಳೆಗಳನ್ನು ಒತ್ತಿ ಕೂರಿಸುತ್ತೇವೆ. ಡಬ್ಬಿ ಮೇಲಿನ ಸಣ್ಣ ಗಾಜಿನೊಳಗಿನ ಗುಳ್ಳೆ ನಡುವಿಗೆ ಬರುವ ತನಕ ಸರಿ ಮಾಡುತ್ತೇವೆ, ಬಾಣದ ಗುರುತು ಸ್ಫೋಟದ ದಿಕ್ಕಿಗೆ ಇರಬೇಕು. ಸಿಮೆಂಟು ನೆಲವಾದರೆ ಮೊಳೆ ತೆಗೆದು ಮೇಲೆ ಮರಳು ಚೀಲ ಇಡುತ್ತೇವೆ. ಇದು ಸಡಿಲವಾಗಿದ್ದರೆ ನೆಲ ಅಲ್ಲಾಡಿದ್ದು ಒಂದು, ಡಬ್ಬಿ ಅಲ್ಲಾಡಿದ್ದು ಇನ್ನೊಂದು ಆಗಿಬಿಡುತ್ತದೆ. ಒಳಗೆ ಅಯಸ್ಕಾಂತ, ಅದರ ಸುತ್ತ ಸ್ಪ್ರಿಂಗಿಗೆ ತೂಗುಬಿಟ್ಟ ತಂತಿಯ ಸುರುಳಿ. ನೆಲ ಅಲ್ಲಾಡಿದಾಗ ಡಬ್ಬಿ, ಅಯಸ್ಕಾಂತ ಜೊತೆಗೆ ಅಲ್ಲಾಡುತ್ತವೆ, ಸುರುಳಿ ಹಿಂದುಳಿಯುತ್ತದೆ, ಆ ವ್ಯತ್ಯಾಸಕ್ಕೆ ಸ್ವಲ್ಪ ವಿದ್ಯುತ್ ಹುಟ್ಟುತ್ತದೆ. ಮೇಲೆ ಕೆಳಗೆ ಒಂದು, ಉದ್ದಕ್ಕೊಂದು, ಅಡ್ಡಕ್ಕೊಂದು, ಒಟ್ಟು ಮೂರು. ಪಕ್ಕದಲ್ಲಿ ಗಾಳಿಯ ಒತ್ತಡಕ್ಕೆ ಒಂದು ಮೈಕ್.

ಅಳತೆ ಬರುವುದು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಅಂತ. ಜನರಿಗೆ ಹೇಳಬೇಕಾದ ಮುಖ್ಯ ವಿಷಯ ಇಲ್ಲಿದೆ. ಮನೆಯಲ್ಲಿ ಸುಮ್ಮನೆ ಇರುವ ಮನುಷ್ಯನಿಗೆ 0.3 ಬಂದರೆ ಗೊತ್ತಾಗುತ್ತದೆ, ತೀರಾ ಸೂಕ್ಷ್ಮದವರಿಗೆ ಅದರ ಅರ್ಧಕ್ಕೇ ಗೊತ್ತಾಗಬಹುದು. 1 ಬಂದರೆ ದೂರು ಶುರುವಾಗುತ್ತದೆ. ಆದರೆ ಸ್ಫೋಟದ ಕಂಪನಕ್ಕೆ ನಮ್ಮ ದೇಶದಲ್ಲಿ ಗಣಿ ಸುರಕ್ಷತೆಯವರು ಬೇರೆಯವರ ವಾಸದ ಮನೆಗಳಿಗೆ ಇಟ್ಟಿರುವ ಮಿತಿ 5ರಿಂದ ಶುರು, ಅದೂ ನಿಧಾನದ ಕಂಪನಕ್ಕೆ. ಬೇಗ ಬೇಗ ಅದುರುವುದಕ್ಕೆ 10, 15ರ ತನಕ ಇದೆ. ಹಳೇ ಗುಡಿ, ಸ್ಮಾರಕದಂಥ ನಾಜೂಕು ಕಟ್ಟಡಕ್ಕೆ 2ರಿಂದ ಶುರು. ಅಂದರೆ ಗೋಡೆಗೆ ಪೆಟ್ಟಾಗುವುದಕ್ಕೆ ಎಷ್ಟೋ ಮೊದಲೇ ಮನುಷ್ಯನ ಮೈಗೆ ಗೊತ್ತಾಗಿಬಿಡುತ್ತದೆ. ನಮಗೆ ಗೊತ್ತಾಯಿತು ಅಂದ ಕೂಡಲೇ ಮನೆಗೆ ಏನೋ ಆಗಿಹೋಯಿತು ಅಂತ ಅಲ್ಲ. ಹಾಗಂತ ದೂರು ಕೊಟ್ಟವರನ್ನು ಸುಳ್ಳು ಹೇಳುತ್ತಾರೆ ಅನ್ನುವುದೂ ತಪ್ಪು, ಅವರಿಗೆ ಗೊತ್ತಾದದ್ದು ನಿಜವೇ. ಈ ಮಾತನ್ನು ನಾನು ಕ್ವಾರಿ ಮಾಲೀಕರ ಮುಂದೆಯೂ ಹೇಳುತ್ತೇನೆ.

ಪಾಂಡವಪುರ ಕಡೆಯವಳು:

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಜಿಯೋಫೋನ್ ಅಣ್ಣ, ಅತ್ತೆಯವರನ್ನು ಮತ್ತೆ ಕೇಳಿದೆ. ಮಧ್ಯೆ ಬಿಡುವು ಇರಲಿಲ್ಲವಂತೆ. ಮೊದಲು ದೂರದ ಗುಡುಗಿನ ಹಾಗೆ ಒಂದು ಸದ್ದು, ಅದು ಮುಗಿಯುವುದರೊಳಗೆ ಬೆನ್ನಿಗೆ ಅದುರು. ಆಕಾಶದಲ್ಲಿ ಮೋಡ ಇರಲಿಲ್ಲ, ಅದು ನನಗೇ ನೆನಪಿದೆ. ನನಗೆ ಸದ್ದು ಬೇರೆ ಅದುರು ಬೇರೆ ಅನ್ನಿಸಲೇ ಇಲ್ಲ, ತಟ್ಟೆ ಕಡೆ ಗಮನ ಹೋಗಿಬಿಟ್ಟಿತು.

ಇನ್ನೊಂದು ಕೇಳಬೇಕಿತ್ತು. ಮಗ ಫೋನಿನಲ್ಲೇ ಭೂಕಂಪ ಅಳೆಯುವ ಆ್ಯಪ್ ಇದೆ, ಹಾಕಿಕೊಂಡರೆ ಮುಂದಿನ ಸಲ ಗೊತ್ತಾಗುತ್ತದೆ ಅನ್ನುತ್ತಿದ್ದಾನೆ. ಕೆಲಸ ಮಾಡುತ್ತದಾ? ಸರ್ಕಾರದ ಆ್ಯಪ್‌ನಲ್ಲಿ ಬರದೆ ಇರುವುದಕ್ಕೆ ಕಾರಣ ಏನು ಅಂತಲೂ ಹೇಳಿ ಮೇಷ್ಟ್ರೇ.

ಗಂಗೋತ್ರಿ ಮೇಷ್ಟ್ರು:

ಮೊದಲು ಸದ್ದು, ಬೆನ್ನ ಹಿಂದೆಯೇ ಅದುರು. ಅತ್ತೆಯವರ ಈ ಮಾತು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಬಂಡೆ ಜಾರಿದಾಗ ಎರಡು ಬಗೆಯ ಅಲೆ ಒಟ್ಟಿಗೇ ಹೊರಡುತ್ತವೆ. ಒಂದು ತಳ್ಳಿ ಎಳೆಯುವ ಅಲೆ, ಅದು ನಮ್ಮ ಕಡೆಯ ಗಟ್ಟಿ ಕಲ್ಲಿನಲ್ಲಿ ಸೆಕೆಂಡಿಗೆ ಆರು ಕಿಲೋಮೀಟರ್ ಆಸುಪಾಸು ಓಡುತ್ತದೆ. ಇನ್ನೊಂದು ಅಡ್ಡ ಅಲುಗಾಡಿಸುವ ಅಲೆ, ಅದು ಮೂರೂವರೆ. ಮೊದಲಿನದು ನೆಲದ ಮೇಲೆ ಬಂದು ಗಾಳಿಗೆ ಸೇರಿದರೆ ಕಿವಿಗೆ ಸದ್ದಾಗಿ ಕೇಳಬಹುದು. ನಾವು ಅದುರು ಅನ್ನುವುದು ಹೆಚ್ಚಾಗಿ ಎರಡನೆಯದನ್ನು. ಕಿವಿಗೆ ಕೇಳಬೇಕಾದರೆ ಸೆಕೆಂಡಿಗೆ ಇಪ್ಪತ್ತಕ್ಕಿಂತ ಹೆಚ್ಚು ಸಲ ಅದುರಬೇಕು. ಅಷ್ಟು ಚುರುಕಾದ ಅಲೆ ಸಡಿಲ ಮಣ್ಣಿನಲ್ಲಿ ಬೇಗ ಅಡಗಿಹೋಗುತ್ತದೆ, ಹಳೆಯ ಗಟ್ಟಿ ಬಂಡೆಯಲ್ಲಿ ಮೇಲಿನ ತನಕ ಬರುತ್ತದೆ. ನಮ್ಮದು ಕೋಟ್ಯಂತರ ವರ್ಷಗಳ ಬಂಡೆ ನೋಡಿ. ಅದಕ್ಕೇ ಈ ಕಡೆ ಸಣ್ಣ ಕಂಪನಗಳಲ್ಲಿ ಅಲುಗಾಟಕ್ಕಿಂತ ಸದ್ದಿನ ದೂರೇ ಜಾಸ್ತಿ. 2022ರ ಜೂನ್ 28ರಂದು ಕೊಡಗಿನ ಚೆಂಬು, ಸಂಪಾಜೆ ಕಡೆ, ಸುಳ್ಯದಲ್ಲಿ 3ರ ಕಂಪನ ಆದಾಗಲೂ ಜನ ಮೊದಲು ಹೇಳಿದ್ದು ಸದ್ದಿನ ಬಗ್ಗೆ.

ಈ ಎರಡು ಅಲೆಗಳ ನಡುವಿನ ಹೊತ್ತಿನಿಂದಲೇ ದೂರ ಲೆಕ್ಕ ಹಾಕುತ್ತಾರೆ. ಒಂದು ಸೆಕೆಂಡ್ ಅಂತರ ಇದ್ದರೆ ಸುಮಾರು ಎಂಟು ಕಿಲೋಮೀಟರ್. ಅತ್ತೆಯವರು ಹೇಳಿದಂತೆ ಸದ್ದು ಮುಗಿಯುವುದರೊಳಗೆ ಅದುರು ಬಂದಿದ್ದರೆ ಅಂತರ ಒಂದೆರಡು ಸೆಕೆಂಡೂ ಇರಲಿಲ್ಲ. ಹತ್ತಿರದ, ಆಳ ಕಡಿಮೆ ಇರುವ ಸಣ್ಣ ಕಂಪನಕ್ಕೆ ಇದು ಹೊಂದುತ್ತದೆ. 2ರ ಆಸುಪಾಸಿನದು ಇರಬಹುದು ಅಂತ ನನ್ನ ಅಂದಾಜು. ಸಾಮಾನ್ಯವಾಗಿ 2.5ರ ಕೆಳಗಿನದು ಯಾರಿಗೂ ಗೊತ್ತಾಗುವುದಿಲ್ಲ ಅನ್ನುತ್ತಾರೆ, ಆದರೆ ಗಟ್ಟಿ ಬಂಡೆ, ಕಡಿಮೆ ಆಳ, ರಾತ್ರಿಯ ನಿಶ್ಶಬ್ದ ಮೂರೂ ಕೂಡಿದರೆ ಅದಕ್ಕಿಂತ ಸಣ್ಣದೂ ಗೊತ್ತಾಗುತ್ತದೆ.

ಈಗ ಯಂತ್ರದ ವಿಷಯ. ಭೂಕಂಪ ಮಾಪಕ ಮನುಷ್ಯನಿಗಿಂತ ಎಷ್ಟೋ ಪಟ್ಟು ಸೂಕ್ಷ್ಮ. ಅರಬ್ಬೀ ಸಮುದ್ರದಲ್ಲಿ ಮಳೆಗಾಲದ ಅಲೆ ಜೋರಾದರೆ ಆ ಮೊರೆತ ನೆಲದೊಳಗೆ ಐದಾರು ಸೆಕೆಂಡಿಗೊಮ್ಮೆ ಉಸಿರಾಟದ ಹಾಗೆ ಬರುತ್ತದೆ, ಒಳನಾಡಿನ ಮಾಪಕದಲ್ಲೂ ಅದು ಕಾಣುತ್ತದೆ. ಹಾಗಿದ್ದರೂ ನಿಮ್ಮೂರಿನ ಕಂಪನ ಆ್ಯಪ್‌ನಲ್ಲಿ ಯಾಕಿಲ್ಲ? ಯಂತ್ರ ಸೂಕ್ಷ್ಮವಾದರೂ ಅದು ಇರುವುದು ಇನ್ನೆಲ್ಲೋ. ಸಣ್ಣ ಕಂಪನದ ಚುರುಕು ಅಲೆ ದೂರ ಹೋಗುತ್ತಾ ಬಸ್ಸು, ಪಂಪ್‌ಸೆಟ್ಟು, ಗಾಳಿಗೆ ತೂಗುವ ಮರ ಇವುಗಳ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಜಾಗ ಗೊತ್ತುಮಾಡಬೇಕಾದರೆ ಕಡಿಮೆ ಅಂದರೂ ಮೂರು ಕೇಂದ್ರಗಳಲ್ಲಿ ಅದು ಸ್ಪಷ್ಟವಾಗಿ ಕಾಣಬೇಕು, ಆಳವೂ ಬೇಕಾದರೆ ಇನ್ನೂ ಒಂದು. ಒಂದೇ ಕೇಂದ್ರದ ಕಾಗದದಲ್ಲಿ ಸಣ್ಣ ಗೆರೆ ಮೂಡಿ, ಉಳಿದವುಗಳಲ್ಲಿ ಕಾಣದಿದ್ದರೆ ಅದು ಪಟ್ಟಿಗೆ ಸೇರುವುದೇ ಇಲ್ಲ. ದೆಹಲಿಯ ರಾಷ್ಟ್ರೀಯ ಭೂಕಂಪ ಕೇಂದ್ರ ಇಡೀ ದೇಶ ನೋಡಿಕೊಳ್ಳಬೇಕು. ದಕ್ಷಿಣದಲ್ಲಿ 3ರ ಆಸುಪಾಸಿನಿಂದ ಮೇಲಿನದ್ದನ್ನು ಹಿಡಿಯುತ್ತದೆ, ಅದಕ್ಕಿಂತ ಸಣ್ಣದು ತಪ್ಪಿಹೋಗಬಹುದು. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಅಣೆಕಟ್ಟೆಗಳ ಬಳಿಯೂ ಮಾಪಕಗಳಿವೆ. ಹಾಗಾಗಿ ನೀವು ಕೇಳಬೇಕಾದದ್ದು ಅಲ್ಲಿ. ತಹಶೀಲ್ದಾರ್ ಕಚೇರಿಗೆ ಒಂದು ಅರ್ಜಿ ಬರೆದುಕೊಟ್ಟರೂ ವಿಷಯ ಅಲ್ಲಿಗೆ ಹೋಗುತ್ತದೆ. ನಿಮಿಷ ಸಮೇತ ಹೊತ್ತು ಬರೆಯಿರಿ, ಆ ಹೊತ್ತಿನ ಗೆರೆ ಹುಡುಕಿ ನೋಡುವವರಿಗೆ ಅದೇ ದೊಡ್ಡ ಸಹಾಯ.

ಒಳ್ಳೆಯ ಕೇಂದ್ರ ಅಂದರೆ ಹೇಗಿರಬೇಕು ಅನ್ನುವುದಕ್ಕೆ ನಮ್ಮ ಗೌರಿಬಿದನೂರೇ ಸಾಕ್ಷಿ. 1960ರ ದಶಕದ ನಡುವಿನಲ್ಲಿ ಅಣುಶಕ್ತಿಯವರು ಅಲ್ಲಿ ಇಂಗ್ಲಿಷ್ ಎಲ್ ಅಕ್ಷರದ ಆಕಾರದಲ್ಲಿ ಇಪ್ಪತ್ತು ಮಾಪಕಗಳನ್ನು ಹೂಳಿದರು. ಜಗತ್ತಿನ ಇನ್ನೊಂದು ಮೂಲೆಯಲ್ಲಿ ನೆಲದೊಳಗೆ ಅಣುಬಾಂಬ್ ಪರೀಕ್ಷೆ ಮಾಡಿದರೆ ಇಲ್ಲಿ ಗೊತ್ತಾಗಬೇಕು ಅಂತ. ಗಟ್ಟಿ ಬಂಡೆ, ಗದ್ದಲ ಕಡಿಮೆ ಇರುವ ಜಾಗ. ಹಲವು ಮಾಪಕದ ಗೆರೆಗಳನ್ನು ಹೊತ್ತು ಹೊಂದಿಸಿ ಕೂಡಿಸಿದರೆ ಗದ್ದಲ ಕಳೆದು ನಿಜವಾದ ಅಲೆ ಎದ್ದು ಕಾಣುತ್ತದೆ.

ಫೋನಿನ ವಿಷಯಕ್ಕೆ ಬಂದರೆ, ಅದರೊಳಗಿನ ಸಣ್ಣ ಚಿಪ್ಪು ಫೋನ್ ಅಡ್ಡ ತಿರುಗಿತೋ ಉದ್ದ ತಿರುಗಿತೋ ನೋಡುವುದಕ್ಕೆ ಇಟ್ಟದ್ದು. ಅದರದ್ದೇ ಗದ್ದಲ ಇಂಥ ಅದುರಿಗಿಂತ ಜಾಸ್ತಿ ಇರುತ್ತದೆ. ಆಂಡ್ರಾಯ್ಡ್ ಫೋನಿನ ಭೂಕಂಪ ಎಚ್ಚರಿಕೆ 2023ರಿಂದ ನಮ್ಮ ದೇಶದಲ್ಲೂ ಇದೆ, ಒಳ್ಳೆಯದೇ, ಆನ್ ಮಾಡಿಡಿ. ಆದರೆ ಅದು ಕೂಗುವುದು 4.5 ಮತ್ತು ಅದಕ್ಕಿಂತ ದೊಡ್ಡದಕ್ಕೆ. ನಿಮ್ಮ ಅತ್ತೆಯವರ ಬೆನ್ನಿಗೆ ಗೊತ್ತಾದದ್ದು ಮೇಜಿನ ಮೇಲಿನ ಫೋನಿಗೆ ಗೊತ್ತಾಗುವುದಿಲ್ಲ.

ಶ್ರೀರಂಗಪಟ್ಟಣದ ರೈತ:

ಸಾರ್, ಎಲ್ಲ ಓದಿದೆ. ನಮಗೆ ಒಂದೇ ಚಿಂತೆ, ಕಟ್ಟೆ. ಪಾಂಡವಪುರದಿಂದ ಕನ್ನಂಬಾಡಿ ಎಷ್ಟು ದೂರ? ಇಂಥ ಸಣ್ಣ ಸಣ್ಣದು ಆಗ್ತಾ ಆಗ್ತಾ ಕಟ್ಟೆಗೆ ಏನಾದ್ರೂ ಆದರೆ? ಮಹಾರಾಷ್ಟ್ರದ ಕೊಯ್ನಾ ಕಟ್ಟೆಯಲ್ಲಿ ನೀರು ತುಂಬಿಸಿದ್ದಕ್ಕೇ ಭೂಕಂಪ ಆಯಿತು ಅಂತ ಕೇಳಿದ್ದೀನಿ. ಇಲ್ಲೂ 124 ಅಡಿ ತುಂಬಿದಾಗಲೆಲ್ಲ ಜನ ಇದನ್ನೇ ಮಾತಾಡ್ತಾರೆ.

ಜಿಯೋಫೋನ್:

ರೈತಣ್ಣ, ನಿಮ್ಮ ಚಿಂತೆ ಸುಮ್ನೆ ಅಲ್ಲ. 1911ರಲ್ಲಿ ಕೆಲಸ ಶುರುವಾದ ಕಟ್ಟೆ, ಸಿಮೆಂಟಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಕಲಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಕಟ್ಟೆ. ಅಂಥದ್ದರ ಹತ್ತಿರ ಮನುಷ್ಯರೇ ಮಾಡುವ ಸ್ಫೋಟ ಯಾವ ಕಾರಣಕ್ಕೂ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ನನ್ನ ಹೊಟ್ಟೆಪಾಡು ಅದರಲ್ಲೇ ಇದ್ದರೂ. 2018ರ ಸೆಪ್ಟೆಂಬರಿನಲ್ಲಿ ಆ ಭಾಗದಲ್ಲಿ ಭಾರೀ ಸದ್ದು ಬಂದಾಗ ಉಸ್ತುವಾರಿ ಕೇಂದ್ರದ ಮಾಪಕದಲ್ಲಿ ಅದು ದಾಖಲಾಗಿತ್ತು, ಅದು ಸ್ಫೋಟದ್ದು ಅಂತ ಗುರುತಿಸಿ, ಸುತ್ತ ಗಣಿಗಾರಿಕೆ ನಿಲ್ಲಿಸಬೇಕು ಅಂತ ಬರೆದರು. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ, ಮೊದಲು ಸುರಕ್ಷತೆಯ ಅಧ್ಯಯನ ಆಗಲಿ ಅಂತ ಆದೇಶ ಕೊಟ್ಟಿತು. ಜನ ಹೊತ್ತು ಸಮೇತ ದೂರು ಕೊಟ್ಟರೆ ಮಾಪಕದ ದಾಖಲೆ ಅದರ ಪಕ್ಕದಲ್ಲಿ ನಿಲ್ಲುತ್ತದೆ.

ಗಂಗೋತ್ರಿ ಮೇಷ್ಟ್ರು:

ಕೊಯ್ನಾ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿ 1962ರಿಂದ ನೀರು ತುಂಬಲು ಶುರುವಾಯಿತು, 1967ರ ಡಿಸೆಂಬರಿನಲ್ಲಿ 6ಕ್ಕೂ ಮೇಲಿನ ಭೂಕಂಪ ಆಯಿತು. ಆದರೆ ಕೊಯ್ನಾ ಅಣೆಕಟ್ಟೆಯ ಎತ್ತರ ನೂರು ಮೀಟರ್ ದಾಟುತ್ತದೆ, ಕನ್ನಂಬಾಡಿಯದ್ದು ಸುಮಾರು ನಲವತ್ತು. ನೀರಿನ ಒತ್ತಡ ಬಿರುಕುಗಳೊಳಗೆ ಇಳಿದು ಬಂಡೆ ಜಾರುವುದು ಹೆಚ್ಚಾಗಿ ಆಳದ ಜಲಾಶಯಗಳಲ್ಲಿ, ಅದೂ ಕೆಳಗೆ ಆಗಲೇ ಬಿಗಿದು ನಿಂತ ಬಿರುಕು ಇದ್ದರೆ. ಮೈಸೂರು, ಮಂಡ್ಯ ಹಿಂದಿನಿಂದಲೂ ಭೂಕಂಪದ ಅಪಾಯ ಕಡಿಮೆ ಅನ್ನುವ ವಲಯದಲ್ಲಿವೆ. ಅಪಾಯವೇ ಇಲ್ಲ ಅಂತಲ್ಲ. ಗಟ್ಟಿ ನೆಲ ಅಂದುಕೊಂಡಿದ್ದ ಲಾತೂರಿನ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರಂದು ಸುಮಾರು ಹತ್ತು ಸಾವಿರ ಜನ ಸತ್ತರು. ಹೆಚ್ಚಿನ ಸಾವಿಗೆ ಕಾರಣ ಮಣ್ಣಿಗೆ ಕೂರಿಸಿದ ದಪ್ಪ ಕಲ್ಲಿನ ಗೋಡೆಗಳು. ಈ ಸಣ್ಣ ಕಂಪನ ನೋಡಿ ದೊಡ್ಡದು ಬರುತ್ತದೆ ಅಂತಲೂ ಹೇಳಲಾಗದು, ಬರುವುದಿಲ್ಲ ಅಂತಲೂ ಹೇಳಲಾಗದು. ಅಳತೆ ನಡೆಯುತ್ತಿರಬೇಕು, ಅಷ್ಟೇ ಮುಖ್ಯ.

ಪಾಂಡವಪುರ ಕಡೆಯವಳು:

ಮೇಷ್ಟ್ರೇ, ಇವತ್ತೇ ಬರೆದಿಡುತ್ತೇನೆ. ಎದುರು ಮನೆಯವರಿಗೆ ಏನೂ ಗೊತ್ತಾಗಲಿಲ್ಲ ಅಂದಿದ್ದನ್ನೂ ಬರೆಯಬೇಕಾ? ಮತ್ತೆ ನಮ್ಮ ಅಡುಗೆ ಮನೆ ಗೋಡೆಯಲ್ಲಿ ಕಿಟಕಿ ಮೂಲೆಯಿಂದ ಒಂದು ಸಣ್ಣ ಬಿರುಕಿದೆ, ಮೊದಲೇ ಇತ್ತೋ ಈಗ ಆಯಿತೋ ಅಂತ ಮನೆಯಲ್ಲಿ ವಾದ ನಡೆಯುತ್ತಿದೆ.

ಗಂಗೋತ್ರಿ ಮೇಷ್ಟ್ರು:

ಖಂಡಿತ ಬರೆಯಿರಿ. ಗೊತ್ತಾಗಲಿಲ್ಲ ಅನ್ನುವ ಮನೆಗಳು ಎಲ್ಲಿಂದ ಶುರುವಾಗುತ್ತವೆ ಅನ್ನುವುದರಿಂದಲೇ ಅದುರು ಎಲ್ಲಿಯ ತನಕ ಹೋಗಿತ್ತು ಅಂತ ನಕ್ಷೆ ಬರೆಯುತ್ತಾರೆ. ಅಕ್ಕಪಕ್ಕದ ಊರಿನ ನೆಂಟರಿಗೆ ಫೋನ್ ಮಾಡಿ ಕೇಳಿ. ಆದರೆ "ಭೂಕಂಪ ಆಯ್ತಂತೆ, ನಿಮಗೂ ಗೊತ್ತಾಯ್ತಾ" ಅಂತ ಕೇಳಬೇಡಿ, "ನಿನ್ನೆ ರಾತ್ರಿ ಏನಾದ್ರೂ ಸದ್ದು ಕೇಳಿಸ್ತಾ, ಎಷ್ಟೊತ್ತಿಗೆ" ಅಂತಷ್ಟೇ ಕೇಳಿ. ವಾಟ್ಸಾಪ್ ಓದಿದ ಮೇಲೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಜಿಯೋಫೋನ್:

ಬಿರುಕಿನ ವಿಷಯ ನನಗೆ ಬಿಡಿ ಅಕ್ಕ. ಒಳಗೆ ಹಳೇ ಸುಣ್ಣ, ಧೂಳು, ಜೇಡರ ಬಲೆ ಇದ್ದರೆ ಅದು ಹಳೆಯದು. ಹೊಸದಾದರೆ ಅಂಚು ಚೂಪಾಗಿ, ಒಳಗೆ ಬಣ್ಣ ತಿಳಿಯಾಗಿ ಇರುತ್ತದೆ. ಪೆನ್ಸಿಲ್ ತಗೊಂಡು ಬಿರುಕಿನ ಎರಡೂ ತುದಿಗೆ ಅಡ್ಡ ಗೆರೆ ಎಳೆಯಿರಿ, ಪಕ್ಕದಲ್ಲಿ ಇವತ್ತಿನ ತಾರೀಖು ಬರೆಯಿರಿ. ಸ್ಕೇಲ್ ಇಟ್ಟು ಒಂದು ಫೋಟೋ. ತಿಂಗಳಿಗೊಮ್ಮೆ ನೋಡಿ, ಗೆರೆ ದಾಟಿದ್ದರೆ ಇಲ್ಲೇ ಹಾಕಿ. ಭಾನುವಾರ ಆ ಕಡೆ ಬರುವುದಿದೆ, ಡಬ್ಬಿ ಜೊತೆಗೇ ಇರುತ್ತದೆ. ನಿಮ್ಮ ಮನೆಯವರು ಒಪ್ಪಿದರೆ ಗೋಡೆ ಬುಡದಲ್ಲಿ ಇಟ್ಟು, ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋದಾಗ ಎಷ್ಟು ಬರುತ್ತದೆ ಅಂತ ನಿಮ್ಮ ಅತ್ತೆಗೇ ತೋರಿಸುತ್ತೇನೆ.